ತೇಲಿದ ಹನ್ನೆರಡು

ಹನ್ನೆರಡಕ್ಕೆ ಹನ್ನೆರಡೂ ತೇಲಿದವು.

ಕವಿತಾ ಒಂದನ್ನು ಬೆರಳಿನಿಂದ ಒತ್ತಿ ಬೋಗುಣಿಯ ತಳಕ್ಕೆ ಮುಟ್ಟಿಸಿದಳು. ಬೆರಳು ತೆಗೆದದ್ದೇ ತಡ, ಅದು ಏನೂ ಆಗದ ಹಾಗೆ ಮೇಲೆ ಬಂದು ಉಳಿದವುಗಳ ಜೊತೆ ಸೇರಿಕೊಂಡಿತು. ಇನ್ನೊಂದನ್ನು ಒತ್ತಿದಳು. ಅದೂ ಹಾಗೆಯೇ. ಬೆರಳಿನ ಸೀಳುಗಳು ಚುರುಚುರು ಉರಿದವು. ಪೊಂಗಲ್ ಕಳೆದ ತೈ ತಿಂಗಳ ಚಳಿ, ಟೀ ಎಲೆ ಕಿತ್ತು ಒಡೆದ ಕೈ, ಉರಿಯದೆ ಇನ್ನೇನು ಮಾಡೀತು ಎಂದುಕೊಂಡಳು. ಅಷ್ಟು ಯೋಚಿಸುವಷ್ಟೇ ಬುದ್ಧಿ ಅವಳಲ್ಲಿ ಉಳಿದಿತ್ತು. ಮಿಕ್ಕಿದ್ದೆಲ್ಲ ಗೋಡೆಯಾಚೆ, ಶಾಲೆಯ ಒಂದೇ ಕೋಣೆಯಲ್ಲಿ ಕೂತು ಮಗ್ಗಿ ಒದರುತ್ತಿದ್ದ ಹದಿನೈದು ಮಕ್ಕಳ ಕಡೆಗೆ ಹೋಗಿತ್ತು. ಇದೇ ಪೆಟ್ಟಿಗೆಯಿಂದ ತೆಗೆದು ಬೇಯಿಸಿದ ಹದಿನಾರು ಮೊಟ್ಟೆಗಳನ್ನು ಅವಳು ಮುಕ್ಕಾಲು ಗಂಟೆಯ ಹಿಂದೆಯಷ್ಟೇ ಅವರ ತಟ್ಟೆಗೆ ಹಾಕಿ ಬಂದಿದ್ದಳು. ಐದನೇ ತರಗತಿಯ ದಿನೇಶ್‌ಕುಮಾರ್ ಎರಡು ತಿಂದಿದ್ದ.

ಮೊಟ್ಟೆಯನ್ನು ಜನ್ಮದಲ್ಲಿ ಬಾಯಿಗಿಡದವಳ ಕೈಗೆ ಮೊಟ್ಟೆ ಬೇಯಿಸುವ ಕೆಲಸ ಕೊಟ್ಟದ್ದು ಆ ಶಿವನ ತಮಾಷೆಯೇ ಇರಬೇಕು. ಕವಿತಾಳದು ಮೇಲ್‌ಹಟ್ಟಿಯ ವೀರಶೈವರ ಮನೆ. ಕೊರಳಲ್ಲಿ ಲಿಂಗ, ಒಲೆಯಲ್ಲಿ ಸೊಪ್ಪುಸಾರು. ಶಾಲೆಯ ಮಧ್ಯಾಹ್ನದೂಟದ ಅಡುಗೆಗೆ ಸೇರಿ ಆರು ವರ್ಷವಾಗಿದ್ದರೂ ಮೊಟ್ಟೆ ಬೇಯುವಾಗ ಅವಳು ಸೆರಗಿನ ತುದಿಯನ್ನು ಮೂಗಿಗೆ ಹಿಡಿದೇ ನಿಲ್ಲುತ್ತಿದ್ದಳು. ಒಳ್ಳೆಯ ಮೊಟ್ಟೆಯ ವಾಸನೆ ಯಾವುದು, ಕೆಟ್ಟದ್ದರ ವಾಸನೆ ಯಾವುದು ಎಂದು ಕೇಳಿದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಅವಳ ಮೂಗಿಗೆ ಎರಡೂ ಒಂದೇ.

ಆದ್ದರಿಂದ ಅವಳಿಗಿದ್ದ ಒಂದೇ ದಿಕ್ಕು ನೀರು. ಕೂನೂರಿನಲ್ಲಿ ನಡೆದ ತರಬೇತಿಯ ದಿನ ಒಬ್ಬ ಮೇಡಂ ಗಾಜಿನ ಪಾತ್ರೆ ಇಟ್ಟು ತೋರಿಸಿಕೊಟ್ಟಿದ್ದರು. ತಳದಲ್ಲಿ ಅಡ್ಡ ಮಲಗಿದರೆ ಹೊಸದು. ದಪ್ಪ ತುದಿ ಮೇಲೆತ್ತಿ ನಿಂತರೆ ಹಳೆಯದು, ಬೇಗ ತಿಂದು ಮುಗಿಸಬೇಕು. ತೇಲಿದರೆ ಗುಂಡಿಗೆ. ಕವಿತಾ ಅದನ್ನು ಮಂತ್ರದ ಹಾಗೆ ಕಲಿತಳು. ಆರು ವರ್ಷದಲ್ಲಿ ಒಂದು ಮೊಟ್ಟೆಯನ್ನೂ ನೀರಿಗೆ ಹಾಕದೆ ಬೇಯಿಸಿದವಳಲ್ಲ. ಇವತ್ತಿನ ಹೊರತು.

ಇವತ್ತು ಪೊಂಗಲ್ ರಜೆ ಮುಗಿದ ಮೊದಲ ದಿನ. ಒಲೆ ಹತ್ತಿಕೊಳ್ಳಲಿಲ್ಲ, ಕಟ್ಟಿಗೆಯೆಲ್ಲ ಇಬ್ಬನಿಗೆ ನೆನೆದಿತ್ತು. ಹನ್ನೆರಡು ಗಂಟೆಯಾದರೂ ಅನ್ನ ಅರಳಿರಲಿಲ್ಲ. ರಜೆಗೆ ಮುಂಚೆ ಬಂದ ಪೆಟ್ಟಿಗೆ ಕಪಾಟಿನಲ್ಲಿ ಹನ್ನೊಂದು ದಿನ ಕೂತಿತ್ತು. ಈ ಚಳಿಗೆ ಏನು ಕೆಡುತ್ತದೆ ಎಂದು ನೇರವಾಗಿ ಕುದಿಯುವ ನೀರಿಗೆ ಬಿಟ್ಟಳು. ಬಡಿಸುವಾಗ ಎರಡನೇ ತರಗತಿಯ ಜನನಿ ಸುಲಿದ ಮೊಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಮುಖ ಕಿವಿಚಿದಳು.

"ಅತ್ತೆ, ಇದು ನಾತ."

"ಮೊಟ್ಟೆ ಅಂದ್ರೆ ನಾತವೇ. ಸುಮ್ಮನೆ ತಿಂದುಬುಡು ಕೂಸೆ," ಎಂದು ಕವಿತಾ ಗದರಿ ಮುಂದೆ ಹೋಗಿದ್ದಳು. ತಿರುಗಿ ಬಂದಾಗ ತಟ್ಟೆ ಖಾಲಿಯಿತ್ತು.

ಆ ಮಾತು ಆಮೇಲೆ ಅವಳನ್ನು ಬಿಡಲಿಲ್ಲ. ಪಾತ್ರೆ ತೊಳೆಯಲು ಕೂತವಳು ಎದ್ದು, ಹಿತ್ತಲ ಕೊಳಾಯಿಯ ಕೆಳಗೆ ತುಂಬಿಟ್ಟಿದ್ದ ಹಳೆಯ ಅಂಡೆಯಿಂದ ಬೋಗುಣಿಗೆ ನೀರು ಮೊಗೆದಳು. ಉಳಿದ ಹನ್ನೆರಡು ಮೊಟ್ಟೆಗಳನ್ನು ಒಂದೊಂದಾಗಿ ಬಿಟ್ಟಳು. ಈಗ ಅವು ಅವಳ ಕಣ್ಣೆದುರು ಮೆಲ್ಲಗೆ ತಿರುಗುತ್ತ ತೇಲುತ್ತಿದ್ದವು.

ಅವಳು ಬೋಗುಣಿಯ ಮೇಲೆ ಮೊರ ಮುಚ್ಚಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಕಿಟಕಿಯ ಹತ್ತಿರ ಹೋಗಿ ನಿಂತಳು. ಮಕ್ಕಳನ್ನು ಎಣಿಸಿದಳು. ಹದಿನೈದು ತಲೆ. ದಿನೇಶ್‌ಕುಮಾರ್ ಆಕಳಿಸಿದ. ಊಟವಾದ ಮೇಲೆ ಆಕಳಿಸದ ಮಗು ಯಾವುದಿದೆ? ಆದರೂ ಅವಳು ಅವನನ್ನೇ ನೋಡುತ್ತ ನಿಂತಳು. ಅವನ ಹಿಂದೆ ಯಾರೋ ಕೆಮ್ಮಿದರು. ಇನ್ನೊಬ್ಬ ನೀರಿಗೆಂದು ಎದ್ದು ಹೋದ. ಅವನು ನೆಟ್ಟಗೆ ನಡೆದು ಬರುವವರೆಗೂ ಅವಳು ಉಸಿರು ಬಿಡಲಿಲ್ಲ.

ಹೆಡ್‌ಮಾಸ್ಟರ್ ರಾಜೇಂದ್ರನ್ ಕಿಟಕಿಯ ಕಡೆ ತಿರುಗಿದರು. ದಿನವೂ ಕೂನೂರಿನಿಂದ ಬಸ್ಸಿನಲ್ಲಿ ಬಂದುಹೋಗುವ, ಯಾರಿಗೂ ಗಟ್ಟಿಯಾಗಿ ಬಯ್ಯದ ಮನುಷ್ಯ.

"ಏನ್ ಕವಿತಾಮ್ಮಾ, ಮುಖ ಒಂದು ಮಾದಿರಿ ಇದೆ. ಜ್ವರವಾ?"

ಆಗಲೇ ಹೇಳಿಬಿಡಬಹುದಿತ್ತು. ಮೊಟ್ಟೆ ತೇಲಿವೆ ಸಾರ್, ಎರಡೇ ಶಬ್ದ ಸಾಕಿತ್ತು. ಅವು ನಾಲಿಗೆಯ ತುದಿಯವರೆಗೆ ಬಂದು ನಿಂತವು.

"ಏನಿಲ್ಲ ಸಾರ್. ಹೊಗೆ," ಎಂದಳು.

ಅಡುಗೆಮನೆಗೆ ಬಂದು ಗಂಡನಿಗೆ ಫೋನ್ ಮಾಡಿದಳು. ವಿಶ್ವನಾಥ್ ಕೂನೂರಿನಲ್ಲಿ ಟೀ ಹರಾಜಿನ ದಲ್ಲಾಳಿಯೊಬ್ಬರ ಆಫೀಸಿನಲ್ಲಿ ಗುಮಾಸ್ತ. ಅವಳು ಪಿಸುದನಿಯಲ್ಲಿ ಹೇಳಿದ್ದನ್ನೆಲ್ಲ ಅವನು ಕೇಳಿಸಿಕೊಂಡ.

"ಯಾರಿಗಾದ್ರೂ ಏನಾದ್ರೂ ಆಗ್ಯದಾ ಈಗ?"

"ಇಲ್ಲೆ. ಈಗ ತನಕ ಇಲ್ಲೆ."

"ಹಂಗಾದ್ರೆ ಬಾಯಿ ಬುಡಬೇಡ. ಉಳಿದದ್ದು ಗುಂಡಿಗೆ ಹಾಕಿ ಮಣ್ಣು ಮುಚ್ಚು. ಕೇಳಿದ್ರೆ ನೀರಿಗೆ ಹಾಕಿ ನೋಡಿದೆ, ಮುಳುಗ್ತು ಅಂತ ಹೇಳು. ಪೊಲೀಸು, ಪೇಪರು ಎಲ್ಲ ಬಂದುಬುಡ್ತದೆ, ಕವಿತಾ. ನೀ ಒಬ್ಬಳೇ ಸಿಕ್ಕಿಬೀಳುವೆ."

ವಿಶ್ವನಾಥ್ ಕೆಟ್ಟವನಲ್ಲ. ಹೆದರಿದ್ದ, ಅಷ್ಟೇ. ಅವನ ಹೆದರಿಕೆಯೂ ತನ್ನದೂ ಸೇರಿ ಕವಿತಾಳಿಗೆ ಎರಡರಷ್ಟಾಯಿತು. ಫೋನ್ ಇಡುವ ಹೊತ್ತಿಗೆ ಅವಳ ಕಣ್ಣಿಗೆ ಆಸ್ಪತ್ರೆಯ ಮಂಚಗಳ ಸಾಲು, ಅದರ ಮೇಲೆ ಈ ಶಾಲೆಗೆ ಬರುವ ಕೆಳಹಟ್ಟಿಯ ಮಕ್ಕಳು, ಬಾಗಿಲಲ್ಲಿ ನಿಂತು ತನ್ನನ್ನೇ ನೋಡುವ ತಾಯಂದಿರು, ಎಲ್ಲವೂ ಕಟ್ಟಿದ ಹಾಗೆ ಕಾಣುತ್ತಿತ್ತು.

ಎರಡೂವರೆಯ ಸುಮಾರಿಗೆ ರಾಜೇಂದ್ರನ್ ಜನನಿಯ ಕೈ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೇ ಬಂದರು. ಮಗುವಿನ ಮುಖ ಸಪ್ಪಗಿತ್ತು. ಒಂದು ಕೈ ಸ್ವೆಟರಿನ ಜೇಬಿನಲ್ಲಿ, ಇನ್ನೊಂದು ಹೊಟ್ಟೆಯ ಮೇಲೆ.

"ಹೊಟ್ಟೆ ನೋವಂತೆ. ಸ್ವಲ್ಪ ಬಿಸಿನೀರು ಕೊಡಿ. ಇಲ್ಲೇ ಒಲೆ ಹತ್ತಿರ ಕೂತಿರಲಿ." ಹೋಗುತ್ತಾ ಹೋಗುತ್ತಾ ಸುಮ್ಮನೆ ಕೇಳಿದರು, "ಮೊಟ್ಟೆ ನೋಡಿಯೇ ತಾನೆ ಹಾಕಿದ್ದು?"

"ಹೂಂ ಸಾರ್. ನೀರಿಗೆ ಹಾಕಿ ನೋಡಿದೆ. ಮುಳುಗ್ತು."

ಎಷ್ಟು ಸಲೀಸಾಗಿ ಬಂತು! ಅವರು "ಶರಿ ಶರಿ" ಎಂದು ತಲೆಯಾಡಿಸಿ ಹೊರಟೇಹೋದರು. ಅವಳ ಮಾತನ್ನು ಅವರು ಒಂದು ದಿನವೂ ಸಂಶಯಪಟ್ಟವರಲ್ಲ. ಅದೇ ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು.

ಜನನಿ ಒಲೆಯ ಮುಂದೆ ಮುದುರಿ ಕೂತಳು. ಕವಿತಾ ಜೀರಿಗೆ ಹಾಕಿ ಕಾಯಿಸಿದ ನೀರನ್ನು ಕೊಟ್ಟಳು, ಹಣೆ ಮುಟ್ಟಿ ನೋಡಿದಳು, ಮತ್ತೆ ಮುಟ್ಟಿ ನೋಡಿದಳು. ಬೆಚ್ಚಗಿದೆಯೋ, ತನ್ನ ಕೈಯೇ ತಣ್ಣಗಿದೆಯೋ ಗೊತ್ತಾಗಲಿಲ್ಲ.

"ನಾ ಹೇಳ್ಲಿಲ್ಲೆಯಾ ಅತ್ತೆ," ಎಂದಿತು ಮಗು, ಲೋಟದೊಳಗೆ ನೋಡುತ್ತ. "ಮೊಟ್ಟೆ ನಾತ ಅಂತ."

ಕವಿತಾ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಅವಳು ಅಂದುಕೊಂಡದ್ದು ಬೇರೆ. ಎತ್ತಿಕೊಂಡು ಹೊರಗೆ ಓಡಬೇಕು, ಸಾರ್ ಎಂದು ಕೂಗಬೇಕು, ಜೀಪು ತರಿಸಬೇಕು ಎಂದುಕೊಂಡಿದ್ದಳು. ಬಾಯಿಂದ ಬಂದದ್ದು ಇದು:

"ಕೂಸೆ, ಅದನ್ನ ಮನೇಲಿ ಹೇಳಬೇಡ. ಮೊಟ್ಟೆ ವಿಚಾರ ಯಾರಿಗೂ ಹೇಳಬೇಡ. ಅತ್ತೆ ಮೇಲೆ ಆಣೆ."

ಜನನಿ ತಲೆ ಎತ್ತಿ ಅವಳನ್ನು ನೋಡಿದಳು. ಮಗುವಿನ ಕಣ್ಣಲ್ಲಿ ಹೆದರಿಕೆ ಇತ್ತು, ಆಮೇಲೆ ಏನೋ ಒಂದು ಸಮಾಧಾನವೂ ಬಂದ ಹಾಗೆ ಕಾಣಿಸಿತು. "ಹೇಳಲ್ಲೆ," ಎಂದು ಅಂಗೈ ಮೇಲೆ ಅಂಗೈ ಹೊಡೆದಳು.

ನಾಲ್ಕಕ್ಕೆ ಗಂಟೆ ಹೊಡೆಯಿತು. ಮಕ್ಕಳು ಮಂಜಿನೊಳಗೆ ಕೆಳಹಟ್ಟಿಯ ದಾರಿ ಹಿಡಿದರು. ದಿನೇಶ್‌ಕುಮಾರ್ ಕಲ್ಲು ಒದೆಯುತ್ತ ಎಲ್ಲರಿಗಿಂತ ಮುಂದೆ, ಜನನಿ ಎಲ್ಲರಿಗಿಂತ ಹಿಂದೆ. ಕೆಂಪು ಸ್ವೆಟರು ಟೀ ಗಿಡಗಳ ನಡುವೆ ಸ್ವಲ್ಪ ದೂರ ಕಂಡು ಆಮೇಲೆ ಕಾಣದಾಯಿತು. ಹೆಡ್‌ಮಾಸ್ಟರು ಬಸ್ಸಿಗೆ ಹೋದರು. ಇನ್ನು ಹೇಳಬೇಕೆಂದರೂ ಹೇಳಲು ಯಾರೂ ಇರಲಿಲ್ಲ.

ಕವಿತಾ ಹನ್ನೆರಡು ಮೊಟ್ಟೆಗಳನ್ನು ಬಕೆಟ್ಟಿಗೆ ತುಂಬಿ, ಗುದ್ದಲಿ ತೆಗೆದುಕೊಂಡು ಹಿತ್ತಲಿಗೆ ಬಂದಳು. ಗುಂಡಿ ತೋಡಲು ಬಗ್ಗಿದ್ದಳಷ್ಟೇ, ಬೆನ್ನ ಹಿಂದೆ ಬುಸ್ಸೆಂದು ಬಿಸಿ ಉಸಿರು ಬಿತ್ತು. ಜೀವ ಬಾಯಿಗೆ ಬಂದು ತಿರುಗಿದರೆ ಒಂದು ಎಮ್ಮೆ. ಬೆಳ್ಳಿ ಮಾಮನ ಎಮ್ಮೆ. ಅದು ಅವಳ ಗಾಬರಿಯನ್ನು ಲೆಕ್ಕಕ್ಕೇ ಇಡದೆ, ಉಪ್ಪುಕಾಗದದಂಥ ನಾಲಿಗೆ ಚಾಚಿ ಅವಳ ಕೈ ನೆಕ್ಕಿತು. ಕೈ ಎಳೆದುಕೊಂಡರೆ ಸೆರಗು ಹಿಡಿಯಿತು. ಸೆರಗಿನ ಒದ್ದೆ ತುದಿಯನ್ನು ಬಾಯಿಗೆ ಹಾಕಿಕೊಂಡು ಚೀಪತೊಡಗಿತು.

"ಹೇ, ಬುಡು ಅವಳನ್ನ," ಎನ್ನುತ್ತ ಬೆಳ್ಳಿ ಮಾಮ ಮಂಜಿನಿಂದ ಬಂದ. ಕೆಳಹಟ್ಟಿಯಲ್ಲಿ ಇನ್ನೂ ಎಮ್ಮೆ ಸಾಕುವ ಮುದುಕ ಅವನೊಬ್ಬನೇ. "ಏನ ಕವಿತಾ, ನೀ ಆ ಅಂಡೆ ನೀರು ಮುಟ್ಟಿದೆಯಾ?"

"ಮುಟ್ಟಿದ್ರೆ ಏನ ಮಾಮ?"

"ಅದು ನಾಳೆ ಉಪ್ಪಿನ ಹಬ್ಬಕ್ಕೆ. ದನ ಎಮ್ಮೆಗೆ ಕೊಡೋ ನೀರು. ನಮ್ಮ ಹಟ್ಟಿ ಕೊಳಾಯಿಲಿ ಒಂದು ವಾರದಿಂದ ನೀರಿಲ್ಲೆ. ಅದಕ್ಕೇ ಮಧ್ಯಾಹ್ನ ನೀ ಬಡಿಸ್ತಾ ಇದ್ದಾಗ ಒಂದು ಮೂಟೆ ಕಲ್ಲುಪ್ಪು ಇಲ್ಲೇ ಕರಗಿಸಿ ಇಟ್ಟೆ. ನಾಳೆ ಹೊತ್ತುಕೊಂಡು ಹೋಗಿ ದನ ಕುಡಿಯೋ ಗುಂಡಿ ನೀರಿಗೆ ಬೆರೆಸೋದು. ಸಾರ್‌ಗೆ ಹೇಳಿದ್ದೆನಲ್ಲ. ಅವರು ನಿನಗೆ ಹೇಳ್ಲಿಲ್ಲೆಯಾ?"

ಕವಿತಾ ತನ್ನ ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು. ಕಹಿಯಾಗುವಷ್ಟು ಉಪ್ಪು.

ಅವಳು ಬಕೆಟ್ಟು ಎತ್ತಿಕೊಂಡು ಕೊಳಾಯಿಗೆ ಓಡಿದಳು. ಬೋಗುಣಿಯನ್ನು ಮೂರು ಸಲ ತೊಳೆದಳು. ಕೊಳಾಯಿಯ ನೀರು ತುಂಬಿ ಮೊದಲನೆಯದನ್ನು ಬಿಟ್ಟಳು. ಅದು ಮುಳುಗಿತು. ತಳದಲ್ಲಿ ದಪ್ಪ ತುದಿಯನ್ನು ತುಸು ಮೇಲೆತ್ತಿಕೊಂಡು, ಎದ್ದೇಳಲೋ ಬೇಡವೋ ಎನ್ನುವ ಸೋಮಾರಿಯ ಹಾಗೆ ಬಿದ್ದುಕೊಂಡಿತು. ಎರಡನೆಯದೂ ಮುಳುಗಿತು. ಹನ್ನೆರಡಕ್ಕೆ ಹನ್ನೆರಡೂ ಮುಳುಗಿದವು. ಕವಿತಾ ಕೊಳಾಯಿಯ ಕಲ್ಲಿನ ಮೇಲೆ ಕುಸಿದು ಕೂತು ಅತ್ತಳು. ಬೆಳ್ಳಿ ಮಾಮನಿಗೆ ಏನೂ ಅರ್ಥವಾಗಲಿಲ್ಲ. ಉಪ್ಪುನೀರು ಸ್ವಲ್ಪ ಚೆಲ್ಲಿದ್ದಕ್ಕೆಲ್ಲ ಯಾರು ಅಳುತ್ತಾರೆ ಎಂದು ಸಮಾಧಾನ ಹೇಳಿದ.

ಬಾಯಿ ಬಿಟ್ಟಿದ್ದರೆ, ಮಧ್ಯಾಹ್ನ ಆ ಕಿಟಕಿಯಲ್ಲಿ ನಿಂತು ಒಂದು ಮಾತು ಆಡಿದ್ದರೆ, ಅದು ಉಪ್ಪುನೀರು ಕವಿತಾಮ್ಮಾ ಎಂದು ಸಾರ್ ಆಗಲೇ ನಕ್ಕುಬಿಡುತ್ತಿದ್ದರು. ಅವಳು ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಕಳೆದ ಎರಡೂವರೆ ಗಂಟೆ ಅವಳದೇ ಸಂಪಾದನೆ.

ಅಳು ನಿಲ್ಲುವ ಮೊದಲೇ ಇನ್ನೊಂದು ಯೋಚನೆ ಬಂತು. ಮುಳುಗಿದ್ದು ಉಳಿದ ಹನ್ನೆರಡು. ತಿಂದ ಹದಿನಾರನ್ನು ಇನ್ನು ಯಾವ ನೀರಿಗೆ ಹಾಕಿ ನೋಡುವುದು? ಹದಿನೈದು ಚೆನ್ನಾಗಿದ್ದು ಒಂದೇ ಒಂದು ಕೆಟ್ಟಿದ್ದರೆ? ನಾತ ಎಂದದ್ದು ಒಂದೇ ಮಗು. ಹೊಟ್ಟೆ ನೋವು ಬಂದದ್ದೂ ಅದೇ ಮಗುವಿಗೆ. ಆ ಮಗುವಿನ ಬಾಯಿಗೆ ತಾನೇ ಬೀಗ ಹಾಕಿ ಕಳಿಸಿದ್ದಳು. ರಾತ್ರಿ ವಾಂತಿ ಶುರುವಾಗಿ, ಏನು ತಿಂದೆ ಎಂದು ಡಾಕ್ಟರು ಕೇಳಿದರೆ, ಅದು ಹೇಳುವುದಿಲ್ಲ. ಆಣೆ ಇದೆಯಲ್ಲ.

ಕವಿತಾ ಎದ್ದು ಓಡಿದಳು. ಚಪ್ಪಲಿ ಎಲ್ಲಿ ಬಿಟ್ಟಳೋ ಗೊತ್ತಿಲ್ಲ. ಟೀ ಗಿಡಗಳ ನಡುವಿನ ಕಾಲುದಾರಿ ಮಂಜಿನಲ್ಲಿ ನಾಲ್ಕು ಹೆಜ್ಜೆಯಷ್ಟೇ ಕಾಣುತ್ತಿತ್ತು. ಹಾಳಾದ ಆ ಅರ್ಧ ಮೈಲಿ ಇಳಿಜಾರು ಅವತ್ತು ಮುಗಿಯಲೇ ಇಲ್ಲ. ಎರಡು ಸಲ ಜಾರಿ ಬಿದ್ದಳು. ಎದ್ದು ಶಿವಾ ಶಿವಾ ಎನ್ನುತ್ತ ಮತ್ತೆ ಓಡಿದಳು.

ಜನನಿಯ ಮನೆಯ ಬಾಗಿಲು ತೆರೆದೇ ಇತ್ತು. ತಾಯಿ ಸರಣ್ಯಾ, ಎಲೆ ಕೀಳುವ ಚೀಲವನ್ನು ಇನ್ನೂ ಬೆನ್ನಿನಿಂದ ಇಳಿಸದೆ, ಫೋನಿನಲ್ಲಿ ಜೀಪಿನ ಕಾರ್ತಿಕೇಯನ್‌ನನ್ನು ಕರೆಯುತ್ತಿದ್ದಳು. ಬೆಂಚಿನ ಮೇಲೆ ಕಂಬಳಿಯೊಳಗೆ ಮಗು ಮುದುರಿಕೊಂಡಿತ್ತು.

"ನೋಡಿ ಅಕ್ಕಾ," ಎಂದಳು ಸರಣ್ಯಾ ಕವಿತಾಳನ್ನು ಕಂಡದ್ದೇ. "ಬಂದಾಗಿಂದ ಹೊಟ್ಟೆ ಹಿಡಿದುಕೊಂಡು ಬಿದ್ದದೆ. ಏನ ತಿಂದೆ ಅಂದ್ರೆ ಬಾಯೇ ಬುಡೋದಿಲ್ಲೆ. ಹೊಡೆದೂ ನೋಡಿದೆ. ಕೂನೂರಿಗೆ ಕರಕೊಂಡು ಹೋಗ್ತೀನಿ."

ಕಂಬಳಿ ಸರಿಯಿತು. ಜನನಿಯ ಕೆನ್ನೆಯ ಮೇಲೆ ಬೆರಳಿನ ಗುರುತು ಕೆಂಪಗೆ ಎದ್ದಿತ್ತು. ಅವಳು ಕವಿತಾಳನ್ನು ನೋಡಿ, ನೋವಿನಲ್ಲೂ ಸ್ವಲ್ಪ ಹೆಮ್ಮೆಯಿಂದ, "ನಾ ಹೇಳ್ಲಿಲ್ಲೆ ಅತ್ತೆ," ಎಂದಳು.

ಸರಣ್ಯಾಳ ಫೋನು ಕಿವಿಯಿಂದ ಕೆಳಗಿಳಿಯಿತು. "ಏನ ಹೇಳ್ಲಿಲ್ಲೆ?"

ಕವಿತಾ ಬಾಗಿಲಲ್ಲೇ ನಿಂತಿದ್ದಳು. ನಕ್ಕು ಬೇರೆ ಏನಾದರೂ ಹೇಳಲು ಈಗಲೂ ದಾರಿಯಿತ್ತು. ಆ ಐದು ಬೆರಳಿನ ಗುರುತು ನೋಡಿದ ಮೇಲೆ ಅವಳಿಗೆ ಅದು ಸಾಧ್ಯವಾಗಲಿಲ್ಲ.

"ಇವತ್ತು ಮೊಟ್ಟೆ ನೀರಿಗೆ ಹಾಕಿ ನೋಡದೆ ಬೇಯಿಸಿದೆ, ಸರಣ್ಯಾ. ನಾತ ಅಂತ ಇವಳು ಹೇಳಿದಳು. ನಾನೇ ಗದರಿ ತಿನ್ನಿಸಿದೆ. ಆಮೇಲೆ ಉಳಿದದ್ದು ತೇಲ್ತು. ಅದು ಉಪ್ಪುನೀರು, ಮೊಟ್ಟೆದು ತಪ್ಪಿಲ್ಲೆ ಅಂತ ಈಗ ಗೊತ್ತಾಯ್ತು. ಆದ್ರೆ ಆಗ ಗೊತ್ತಿರಲಿಲ್ಲೆ. ವಿಷ ಕೊಟ್ಟುಬುಟ್ಟೆ ಅಂತಲೇ ತಿಳಿದಿದ್ದೆ. ತಿಳಿದೂ ಇವಳಿಗೆ ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿ ಕಳಿಸಿದೆ."

ಸರಣ್ಯಾ ಬೆನ್ನಿನ ಚೀಲ ಇಳಿಸಿದಳು. ಬೆಂಚಿನ ಮೇಲೆ ಕೂತು ಮಗಳನ್ನು ಎಬ್ಬಿಸಿ ತೊಡೆಗೆ ಎಳೆದುಕೊಂಡಳು. "ಹೇಳು ಕೂಸೆ. ಆ ಮೊಟ್ಟೆ ಪೂರ್ತಿ ತಿಂದೆಯಾ?"

ಜನನಿ ತಾಯಿಯ ಮುಖ ನೋಡಲಿಲ್ಲ. ಕವಿತಾಳ ಮುಖ ನೋಡಿದಳು. ಹೇಳಲೋ ಬೇಡವೋ ಎಂದು ಅಪ್ಪಣೆ ಕೇಳುತ್ತಿದ್ದಳು.

"ಹೇಳು ಮಗಾ," ಎಂದಳು ಕವಿತಾ. "ಆಣೆ ಬುಟ್ಟಾಯ್ತು."

ಮಗು ಸ್ವೆಟರಿನ ಜೇಬಿಗೆ ಕೈ ಹಾಕಿತು. ಜಜ್ಜಿಹೋದ, ಉಣ್ಣೆಯ ಎಳೆ ಮೆತ್ತಿಕೊಂಡ ಬೆಂದ ಮೊಟ್ಟೆಯೊಂದನ್ನು ಹೊರತೆಗೆದು ಅಂಗೈಯಲ್ಲಿ ಹಿಡಿಯಿತು.

"ನಾ ತಿನ್ನಲೇ ಇಲ್ಲೆ. ಅತ್ತೆ ಬಯ್ತಾರೆ ಅಂತ ಬಚ್ಚಿಟ್ಟೆ. ಅನ್ನವೂ ಹೋಗ್ಲಿಲ್ಲೆ, ಪಕ್ಕದವರಿಗೆ ಕೊಟ್ಟೆ. ನಾ ಬಚ್ಚಿಟ್ಟದ್ದು ಅತ್ತೆಗೆ ಗೊತ್ತಾಗಿಬುಟ್ಟದೆ, ಅದಕ್ಕೇ ಹೇಳಬೇಡ ಅಂದ್ರು ಅಂತ..." ಅಲ್ಲಿಗೆ ಅಳು ಒಡೆಯಿತು. "ಹಸಿವು ಅಮ್ಮಾ."

ಸರಣ್ಯಾ ಮೊಟ್ಟೆಯನ್ನು ತೆಗೆದುಕೊಂಡು ಎರಡು ಹೋಳು ಮಾಡಿದಳು. ಹಳದಿಯ ಸುತ್ತ ಬೂದುಹಸಿರು ಉಂಗುರ ಕಟ್ಟಿತ್ತು. ಮೂಗಿಗೆ ಹಿಡಿದಳು, ಬೆರಳಿನಿಂದ ಚಿವುಟಿ ನೋಡಿದಳು.

"ಕೆಟ್ಟಿಲ್ಲೆ. ಹೆಚ್ಚು ಬೇಯಿಸಿದ್ದೀರಿ, ಅಷ್ಟೇ. ಹೆಚ್ಚು ಬೆಂದ್ರೆ ಹಿಂಗೇ ನಾತ ಬರುವುದು." ಆಮೇಲೆ ಆ ಹೋಳನ್ನು ಕವಿತಾಳ ಕಡೆಗೆ ಚಾಚಿದಳು. "ಇಲ್ಲಿ ಬನ್ನಿ ಅಕ್ಕಾ. ಮೂಸಿ ನೋಡಿ. ಇದು ಒಳ್ಳೆ ಮೊಟ್ಟೆ ವಾಸನೆ. ನೆನಪಿಟ್ಟುಕೊಳ್ಳಿ."

ಕವಿತಾ ಸೆರಗನ್ನು ಮೂಗಿಗೆ ಹಿಡಿಯಲಿಲ್ಲ. ಬಗ್ಗಿ ಉಸಿರೆಳೆದುಕೊಂಡಳು. ಕಣ್ಣಲ್ಲಿ ನೀರು ಬಂತು, ಆದರೂ ಎರಡನೇ ಸಲ ಎಳೆದುಕೊಂಡಳು.

ಸರಣ್ಯಾ ಎದ್ದು ಮಗಳಿಗೆ ಅನ್ನ ಕಲಸತೊಡಗಿದಳು. ಬೆನ್ನು ಈ ಕಡೆಗಿತ್ತು. ಜೀಪು ಬೇಡ ಎಂದು ಫೋನಿನಲ್ಲಿ ಹೇಳಿ ಮುಗಿಸಿದ ಮೇಲೆ, ತಿರುಗದೆಯೇ ಮಾತಾಡಿದಳು.

"ಮೊಟ್ಟೆ ಚೆನ್ನಾಗಿತ್ತು, ಸರಿ. ಇಲ್ಲದಿದ್ರೆ, ನೀವು ಇವಳಿಗೆ ಹೇಳಿಕೊಟ್ಟ ಹಾಗೆ ಇವಳು ಸುಮ್ಮನೇ ಇರುತ್ತಿದ್ದಳು ಅಕ್ಕಾ. ಅಷ್ಟು ನಂಬ್ಯಾಳೆ ನಿಮ್ಮನ್ನ."

ಕವಿತಾ ಹೋಗಲು ತಿರುಗಿದಳು. ಬಾಗಿಲು ದಾಟುವಾಗ ಹಿಂದಿನಿಂದ ಜನನಿಯ ದನಿ ಕೇಳಿಸಿತು, ಬಾಯಿ ತುಂಬ ಅನ್ನ.

"ಅತ್ತೆ, ನಾಳೆ ಮೊಟ್ಟೆ ನಾತ ಬಂದ್ರೆ ಹೇಳಬಹುದಾ?"